ವಸಡು ಸಡಿಲವಾಗೋದು ಬರೀ ಕ್ರಿಮಿಯಿಂದಲ್ಲ!

ಬ್ರಷ್ ಮಾಡಿ ಉಗುಳಿದಾಗ ನೊರೆ ಕೆಂಪಗಿದ್ರೆ, ‘ಬ್ರಷ್ ಒರಟು ಇರ್ಬೇಕು’ ಅಂತ ಸುಮ್ಮನಾಗ್ತೀವಿ ಅಲ್ವಾ? ಆದರೆ ಆರೋಗ್ಯವಾಗಿರೋ ವಸಡಿನಲ್ಲಿ ಅಷ್ಟು ಸುಲಭವಾಗಿ ರಕ್ತ ಬರೋದಿಲ್ಲ.

ಹಲ್ಲು, ವಸಡಿನ ಸಂದಿಯಲ್ಲಿ ಬ್ಯಾಕ್ಟೀರಿಯಾದ ಅಂಟು ಪದರ (ಪ್ಲಾಕ್) ಕೂತಾಗ ದೇಹ ಅಲ್ಲಿಗೆ ಬಿಳಿ ರಕ್ತಕಣಗಳನ್ನು ಕಳಿಸುತ್ತೆ. ಅವು ಎಂಎಂಪಿ-8 ಎಂಬ ಕಿಣ್ವವನ್ನು ಬಿಡುತ್ತವೆ. ಅದರ ಕೆಲಸ ಕೊಲಾಜೆನ್ ಕತ್ತರಿಸೋದು. ವಸಡನ್ನು ಹಲ್ಲಿಗೆ ಬಿಗಿದಿರೋದೂ ಕೊಲಾಜೆನ್ ನಾರೇ! ಪ್ಲಾಕ್ ಹೋದರೆ ಊತ ಇಳಿದು ವಸಡು ಚೇತರಿಸಿಕೊಳ್ಳುತ್ತೆ. ಅಲ್ಲೇ ಉಳಿದರೆ ಕಿಣ್ವದ ಕತ್ತರಿಯೂ ನಿಲ್ಲಲ್ಲ. ವಸಡು ಹಲ್ಲು ಬಿಟ್ಟು ಸರಿಯುತ್ತೆ, ಮೂಳೆ ಕರಗುತ್ತೆ. ಹೆಚ್ಚಿನವರಿಗೆ ನೋವೇ ಇರಲ್ಲ, ಅದೇ ಅಪಾಯ.

ಇದು ಬರೀ ಊಹೆಯಲ್ಲ. 1998ರಲ್ಲಿ ಅಮೆರಿಕದ ಎಫ್‌ಡಿಎ ವಸಡು ರೋಗಕ್ಕೆ 20 ಮಿಲಿಗ್ರಾಂ ಡಾಕ್ಸಿಸೈಕ್ಲಿನ್ ಒಪ್ಪಿತು. ಅಷ್ಟು ಕಡಿಮೆ ಡೋಸ್ ಬ್ಯಾಕ್ಟೀರಿಯಾ ಕೊಲ್ಲೋದಿಲ್ಲ, ಕಿಣ್ವವನ್ನಷ್ಟೇ ತಡೆಯುತ್ತೆ. ಅದೂ ಹಲ್ಲು ಕ್ಲೀನಿಂಗ್ ಜೊತೆಗೆ, ಡಾಕ್ಟರ್ ಬರೆದುಕೊಟ್ಟರೆ ಮಾತ್ರ. ಮೆಡಿಕಲ್ ಶಾಪ್‌ನಲ್ಲಿ ನೀವೇ ಕೇಳಿ ತಗೋಬೇಡಿ.

ಹಾಗಾದ್ರೆ ಏನು ಮಾಡೋದು?

* ರಕ್ತ ಬಂತು ಅಂತ ಬ್ರಷ್ ನಿಲ್ಲಿಸಬೇಡಿ. ಮೃದು ಬ್ರಷ್‌ನಲ್ಲಿ ದಿನಕ್ಕೆರಡು ಸಲ ಉಜ್ಜಿ, ಸಂದಿಗಳನ್ನೂ ಸ್ವಚ್ಛ ಮಾಡಿ.
* ಪ್ಲಾಕ್ ಗಟ್ಟಿಯಾಗಿ ಕಿಟ್ಟವಾದರೆ ಬ್ರಷ್‌ಗೆ ಬಗ್ಗಲ್ಲ, ಸ್ಕೇಲಿಂಗೇ ಬೇಕು. ಅದರಿಂದ ಹಲ್ಲು ಅಲ್ಲಾಡುತ್ತೆ ಅನ್ನೋದು ತಪ್ಪು ನಂಬಿಕೆ.
* ಸಿಗರೇಟ್ ಸೇದುವವರಿಗೆ ರೋಗವಿದ್ದರೂ ರಕ್ತ ಕಡಿಮೆ ಕಾಣುತ್ತೆ. ರಕ್ತ ಬರ್ತಿಲ್ಲ ಅಂತ ನೆಮ್ಮದಿಯಾಗಿರಬೇಡಿ.
* ಶುಗರ್ ಇದ್ದವರು ವಸಡನ್ನೂ ತೋರಿಸಿ.

ಊತ ಇಳಿಸಬಹುದು. ಕರಗಿದ ಮೂಳೆ ತಾನಾಗಿ ಮರಳಿ ಬೆಳೆಯಲ್ಲ.