ಊರನ್ನು ಬಲ್ಲ ವೈದ್ಯರು

ಕೆಲವು ವೈದ್ಯರಿಗೆ ಕೈಗುಣವುಂಟೆಂದು ನಮ್ಮ ಜನರು ಹೇಳುವರು. ಔಷಧವು ಒಂದೇ ಆಗಿದ್ದರೂ ಒಬ್ಬರು ಕೊಟ್ಟರೆ ನಾಟುವುದು, ಮತ್ತೊಬ್ಬರು ಕೊಟ್ಟರೆ ನಾಟದು ಎಂಬ ಈ ಮಾತನ್ನು ಮೂಢನಂಬಿಕೆಯೆಂದು ತಳ್ಳಿಬಿಡುವುದು ಸುಲಭ. ಆದರೆ ತುಸು ಆಲೋಚಿಸಿ ನೋಡಿದರೆ, ಕೈಗುಣವೆಂಬುದರಲ್ಲಿ ಅರ್ಧಪಾಲು ಪರಿಚಯದ ಗುಣವೇ ಇದ್ದೀತೆಂದು ನಮಗೆ ತೋರುತ್ತದೆ. ಮನೆಯ ಹಿರಿಯರು ಯಾವ ಬೇನೆಯಿಂದ ನರಳಿದರು, ಯಾವ ಮಗುವಿಗೆ ಯಾವ ಔಷಧವು ಒಗ್ಗದು, ಅಲ್ಪಸ್ವಲ್ಪಕ್ಕೆ ಗಾಬರಿಪಡುವ ತಾಯಿ ಯಾರು, ಎಷ್ಟು ನೋವಿದ್ದರೂ ಬಾಯಿಬಿಡದ ಮುದುಕನು ಯಾರು ಎಂಬುದನ್ನೆಲ್ಲ ಬಲ್ಲ ವೈದ್ಯರು ನಾಡಿ ಹಿಡಿಯುವ ಮೊದಲೇ ರೋಗದ ಬಹುಭಾಗವನ್ನು ಅರಿತಿರುವರು. ಇಂತಹ ಪರಿಚಯವು ಬರಿಯ ಸೌಜನ್ಯವಲ್ಲ, ಶಾಸ್ತ್ರಕ್ಕೇ ಒಂದು ಸಾಧನವೆಂದು ತೋರಿಸಿಕೊಟ್ಟ ಹಳ್ಳಿಗಾಡಿನ ವೈದ್ಯರೊಬ್ಬರ ವೃತ್ತಾಂತವನ್ನು ಈ ತಿಂಗಳು ವಾಚಕರ ಮುಂದಿಡುತ್ತೇವೆ.

ಇಂಗ್ಲೆಂಡಿನ ಉತ್ತರಕ್ಕಿರುವ ಯಾರ್ಕ್‌ಷೈರ್ ಪ್ರಾಂತದಲ್ಲಿ ಯೂರ್ ಎಂಬ ನದಿಯು ಹರಿಯುವ ಕಣಿವೆಗೆ ವೆನ್ಸ್‌ಲಿಡೇಲ್ ಎಂದು ಹೆಸರು. ಕುರಿಗಳ ಮೇವಿಗೂ ಚೀಸಿಗೂ ಹೆಸರಾದ ಸೀಮೆಯದು. ಅಲ್ಲಿನ ಏಸ್‌ಗಾರ್ತ್ ಎಂಬ ಊರಿನಲ್ಲಿ ನೆಲಸಿ, ಸುಮಾರು ಐವತ್ತು ವರ್ಷಗಳ ಕಾಲ ಸುತ್ತಣ ಹಳ್ಳಿಗಳ ರೋಗಿಗಳನ್ನು ನೋಡಿಕೊಂಡವರು ಡಾಕ್ಟರ್ ವಿಲಿಯಂ ನಾರ್ಮನ್ ಪಿಕಲ್ಸ್. ಇವರು 1885ರಲ್ಲಿ ಲೀಡ್ಸ್ ಪಟ್ಟಣದಲ್ಲಿ ಹುಟ್ಟಿದರು. ತಂದೆಯೂ ವೈದ್ಯರೇ. ಓದು ಮುಗಿದ ಮೇಲೆ ದೊಡ್ಡ ಪಟ್ಟಣದ ದೊಡ್ಡ ಆಸ್ಪತ್ರೆಯನ್ನು ಅರಸಿ ಹೋಗದೆ ಈ ಕಣಿವೆಗೆ ಬಂದರು. ಮೊದಲನೆಯ ಮಹಾಯುದ್ಧದಲ್ಲಿ ನೌಕಾಪಡೆಯ ವೈದ್ಯರಾಗಿ ಸೇವೆ ಸಲ್ಲಿಸಿದ್ದನ್ನು ಬಿಟ್ಟರೆ, ವೃದ್ಧಾಪ್ಯದಲ್ಲಿ ವೃತ್ತಿಯಿಂದ ನಿವೃತ್ತರಾಗುವವರೆಗೂ ಆ ಸ್ಥಳವನ್ನು ಬಿಟ್ಟು ಕದಲಲಿಲ್ಲ.

ಹೀಗೆ ಒಂದೇ ಕಡೆ ನೆಲೆನಿಂತ ವೈದ್ಯರು ಲೋಕದಲ್ಲಿ ಎಷ್ಟೋ ಮಂದಿ ಇದ್ದಾರೆ. ಅವರೆಲ್ಲರ ನಡುವೆ ಪಿಕಲ್ಸರನ್ನು ನಾವು ನೆನೆಯಲು ಕಾರಣವೇನು? 1926ರಲ್ಲಿ ಅವರ ಕೈಗೆ ಸರ್ ಜೇಮ್ಸ್ ಮೆಕೆಂಜಿಯವರ ಗ್ರಂಥವೊಂದು ಬಂದಿತು. ಮೆಕೆಂಜಿಯವರು ಬರ್ನ್‌ಲಿ ಎಂಬ ಗಿರಣಿಗಳ ಊರಿನಲ್ಲಿ ಬಹುಕಾಲ ಕುಟುಂಬ ವೈದ್ಯರಾಗಿದ್ದವರು. ತಮ್ಮ ಆರೈಕೆಯಲ್ಲಿದ್ದ ಗರ್ಭಿಣಿಯೊಬ್ಬಳು ಹೆರಿಗೆಯ ವೇಳೆಯಲ್ಲಿ ಹೃದಯದ ಬೇನೆಯಿಂದ ತೀರಿಕೊಂಡುದರಿಂದ ಮನನೊಂದು, ತಮ್ಮ ರೋಗಿಗಳನ್ನೇ ವರುಷಗಟ್ಟಲೆ ಗಮನಿಸಿ ಹೃದ್ರೋಗಗಳ ವಿಷಯದಲ್ಲಿ ಲೋಕಮಾನ್ಯವಾದ ಸಂಗತಿಗಳನ್ನು ಕಂಡುಹಿಡಿದವರು. ಸಾಧಾರಣ ವೈದ್ಯನು ಬರಿಯ ಔಷಧ ಕೊಡುವವನಾಗಿಯೇ ಇರಬೇಕಾಗಿಲ್ಲ, ದಿನವೂ ಕಣ್ಣ ಮುಂದೆ ಹಾಯುವ ರೋಗಗಳಿಂದಲೇ ಹೊಸದನ್ನು ಕಲಿಯಬಹುದು ಎಂಬ ಎಚ್ಚರವು ಪಿಕಲ್ಸರಿಗೆ ಆ ಓದಿನಿಂದ ಉಂಟಾಯಿತು.

ಅಂದಿನಿಂದ ಅವರು ತಮ್ಮ ಹಳ್ಳಿಗಳಲ್ಲಿ ಕಾಣಿಸುವ ಅಂಟುಜಾಡ್ಯಗಳ ಲೆಕ್ಕವಿಡಲು ಮನಸ್ಸುಮಾಡಿದರು. ಯಾವ ಊರಿನಲ್ಲಿ, ಯಾವ ದಿನ, ಯಾರಿಗೆ ರೋಗವು ತಲೆದೋರಿತು, ಅದಕ್ಕೆ ಮೊದಲು ಅವರು ಯಾರ ಸಂಗಡ ಬೆರೆತಿದ್ದರು ಎಂಬುದನ್ನು ಬಿಡದೆ ಬರೆದಿಟ್ಟರು. ದಡಾರ, ನಾಯಿಕೆಮ್ಮು, ಶೀತಜ್ವರ ಮೊದಲಾದ ಜಾಡ್ಯಗಳು ಬಣ್ಣಬಣ್ಣದ ಗುರುತುಗಳಾಗಿ ಪಟಗಳಲ್ಲಿ ಕುಳಿತವು. ಪತ್ನಿ ಗರ್ಟ್ರೂಡ್ ಮತ್ತು ಮಗಳು ಪೇಶೆನ್ಸ್ ಈ ಕೆಲಸದಲ್ಲಿ ನೆರವಾದರು. ಪ್ರಯೋಗಶಾಲೆಯಿಲ್ಲ, ಸರಕಾರದ ಸಹಾಯಧನವಿಲ್ಲ. ಒಂದು ಸಂಸಾರದ ಶ್ರದ್ಧೆಯೇ ಅದರ ಬಂಡವಾಳ.

1929ರಲ್ಲಿ ಆ ಕಣಿವೆಯಲ್ಲಿ ಕಾಮಾಲೆಯು ಹಬ್ಬಿತು. ಸುಮಾರು 5,700 ಜನರಿದ್ದ ಪ್ರದೇಶದಲ್ಲಿ ಇನ್ನೂರೈವತ್ತು ಮಂದಿಯಷ್ಟು ಹಾಸಿಗೆ ಹಿಡಿದರು. ರೋಗದ ಬೇರನ್ನು ಅರಸುತ್ತ ಹೋದ ಪಿಕಲ್ಸರಿಗೆ ಒಂದು ಸಂಗತಿಯು ನೆನಪಾಯಿತು. ಹಳ್ಳಿಯ ಉತ್ಸವವೊಂದರ ದಿನ ಬೆಳಗ್ಗೆ ಅವರು ಕಾಹಿಲೆಯ ಹುಡುಗಿಯೊಬ್ಬಳನ್ನು ಅವಳ ಮನೆಯಲ್ಲಿ ನೋಡಿ ಬಂದಿದ್ದರು. ಆ ದಿನ ಅವಳು ಹಾಸಿಗೆ ಬಿಟ್ಟು ಏಳುವಳೆಂದು ಅವರು ಕನಸಿನಲ್ಲಿಯೂ ಎಣಿಸಿರಲಿಲ್ಲ. ಆದರೆ ಅವಳು ಎದ್ದು ಉತ್ಸವಕ್ಕೆ ಹೋಗಿದ್ದಳು! ಎಳೆಯ ಪ್ರಾಯ, ವರುಷಕ್ಕೊಮ್ಮೆ ಬರುವ ಸಂಭ್ರಮ. ಅವಳನ್ನು ನಿಂದಿಸಲು ನಮಗೆ ಬಾಯಿ ಬಾರದು. ಆದರೆ ಆ ಒಂದು ದಿನದ ಎಳೆಯನ್ನು ಹಿಡಿದು ಹೋದಾಗ ರೋಗವು ಊರಿಂದೂರಿಗೆ ಹರಡಿದ ದಾರಿಯು ಅವರಿಗೆ ಗೋಚರವಾಯಿತು.

ಪಟ್ಟಣದ ವೈದ್ಯರಿಗೆ ಇದು ಸಾಧ್ಯವಾಗುತ್ತಿತ್ತೆ? ಅಲ್ಲಿ ರೋಗಿಯು ದಿನಕ್ಕೆ ನೂರಾರು ಜನರ ನಡುವೆ ಹಾದುಹೋಗುವನು. ಯಾರಿಂದ ಯಾವಾಗ ಅಂಟಿತೆಂದು ಹೇಳುವ ಬಗೆ ಹೇಗೆ? ಕಣಿವೆಯ ಹಳ್ಳಿಯಲ್ಲಾದರೋ ಹೊರಗಿನಿಂದ ಬಂದ ನೆಂಟನೊಬ್ಬನು, ಸಂತೆಗೆ ಹೋದ ಒಂದು ದಿನ, ಒಂದೇ ಒಂದು ಭೇಟಿ, ಇಷ್ಟನ್ನು ಗೊತ್ತುಹಚ್ಚಬಹುದು. ಭೇಟಿಯಾದ ದಿನಕ್ಕೂ ರೋಗವು ಕಾಣಿಸಿದ ದಿನಕ್ಕೂ ನಡುವಣ ದಿನಗಳನ್ನು ಎಣಿಸಿದರೆ, ರೋಗವು ಮೈಯೊಳಗೆ ಅಡಗಿರುವ ಅವಧಿಯು ದೊರೆಯುವುದು. ಈ ಸರಳ ಕ್ರಮದಿಂದಲೇ ಆ ಕಾಮಾಲೆಯು 26ರಿಂದ 35 ದಿನಗಳವರೆಗೆ ಅಡಗಿರುವುದೆಂದು ಪಿಕಲ್ಸರು ಲೆಕ್ಕಹಾಕಿ 1930ರಲ್ಲಿ ಪ್ರಕಟಿಸಿದರು. ಆ ಕಾಮಾಲೆಯನ್ನು ಈಗ ಹೆಪಟೈಟಿಸ್ ಎ ಎಂದು ಕರೆಯುತ್ತಾರೆ. ಅದರ ವೈರಸ್ ವಿಜ್ಞಾನಿಗಳ ಕಣ್ಣಿಗೆ ಬಿದ್ದುದು 1973ರಲ್ಲಿ. ಅದು ಸರಾಸರಿ 28 ದಿನ ಅಡಗಿರುವುದೆಂಬುದು ಇಂದಿನ ವೈದ್ಯರ ಮತ. ರೋಗಾಣುವನ್ನು ಕಾಣದೆಯೇ, ನೆನಪು ಮತ್ತು ದಿನಚರಿಯ ಬಲದಿಂದ ಹಳ್ಳಿಯ ವೈದ್ಯರು ಹೇಳಿದ ಲೆಕ್ಕವು ನಾಲ್ಕು ದಶಕಗಳ ಅನಂತರವೂ ಸುಳ್ಳಾಗಲಿಲ್ಲ.

1933ರಲ್ಲಿ ಅದೇ ಕಣಿವೆಯಲ್ಲಿ ಎದೆಯ ಪಕ್ಕೆಗಳಲ್ಲಿ ಇರಿದಂತಾಗುವ ನೋವಿನೊಡನೆ ಜ್ವರವು ಹಬ್ಬಿದಾಗಲೂ, ಅದು ಡೆನ್ಮಾರ್ಕಿನ ಬಾರ್ನ್‌ಹೋಮ್ ದ್ವೀಪದಲ್ಲಿ ಕಂಡಿದ್ದ ಜಾಡ್ಯವೇ ಎಂದು ಅವರು ಗುರುತಿಸಿ ಬರೆದರು. ಈ ಅನುಭವಗಳೆಲ್ಲ ಸೇರಿ 1939ರಲ್ಲಿ ಗ್ರಂಥರೂಪವಾಗಿ ಹೊರಬಿದ್ದವು. ಒಮ್ಮೆ ಅವರು ಬೆಟ್ಟದ ಮೇಲಿನಿಂದ ಕೆಳಗಿನ ಹಳ್ಳಿಯನ್ನು ನೋಡುತ್ತ ನಿಂತಿದ್ದಾಗ, ಅಲ್ಲಿಯ ಹೆಚ್ಚು ಕಡಮೆ ಪ್ರತಿಯೊಬ್ಬರನ್ನೂ ತಾವು ಹೆಸರು ಹಿಡಿದು ಕರೆಯಬಲ್ಲೆವೆಂಬುದು ಅವರ ಮನಸ್ಸಿಗೆ ಹೊಳೆಯಿತಂತೆ. ಅವರ ವಿದ್ಯೆಯ ಮರ್ಮವೆಲ್ಲ ಅಷ್ಟರಲ್ಲಿ ಅಡಗಿದೆ. ಬ್ರಿಟನ್ನಿನ ಕುಟುಂಬ ವೈದ್ಯರು 1952ರಲ್ಲಿ ತಮ್ಮದೇ ಒಂದು ಕಾಲೇಜನ್ನು ಸ್ಥಾಪಿಸಿಕೊಂಡಾಗ, ಅದರ ಮೊದಲ ಅಧ್ಯಕ್ಷಪದವಿಯು ಪಿಕಲ್ಸರಿಗೆ ಒಲಿಯಿತು. 1964ರಲ್ಲಿ ವೃತ್ತಿಯನ್ನು ಬಿಟ್ಟ ಅವರು 1969ರಲ್ಲಿ ಕಾಲವಶರಾದರು.

ಅದೆಲ್ಲ ಹಳೆಯ ಕಾಲದ ಮಾತು, ಇಂದು ಯಂತ್ರಗಳೂ ಪರೀಕ್ಷೆಗಳೂ ಇರುವಾಗ ಪರಿಚಯದ ಗೊಡವೆಯೇಕೆ ಎಂದು ಯಾರಾದರೂ ಕೇಳಬಹುದು. ಆ ಕಾಲೇಜಿನ ಪತ್ರಿಕೆಯಲ್ಲಿಯೇ 2022ರಲ್ಲಿ ನಾರ್ವೆ ದೇಶದ ಶೋಧನೆಯೊಂದು ಅಚ್ಚಾಯಿತು. ಲಕ್ಷಗಟ್ಟಲೆ ಜನರ ದಾಖಲೆಗಳನ್ನು ನೋಡಿದಾಗ, ಹದಿನೈದು ವರ್ಷಕ್ಕಿಂತ ಹೆಚ್ಚು ಕಾಲ ಒಬ್ಬರೇ ಕುಟುಂಬ ವೈದ್ಯರನ್ನು ಹೊಂದಿದ್ದವರಲ್ಲಿ, ಒಂದೇ ವರ್ಷದ ಪರಿಚಯವಿದ್ದವರಿಗಿಂತ, ತುರ್ತಾಗಿ ಆಸ್ಪತ್ರೆ ಸೇರುವ ಸಂಭವವೂ ಮರಣದ ಸಂಭವವೂ ನೂರಕ್ಕೆ 25ರಿಂದ 30ರಷ್ಟು ಕಡಮೆಯಾಗಿ ಕಂಡುಬಂದಿತು. ಇದಕ್ಕೆ ಪರಿಚಯವೊಂದೇ ಕಾರಣವೆಂದು ಸಾಧಿಸಿದಂತಾಗಲಿಲ್ಲ, ನಿಜ. ಆದರೂ ನಮ್ಮ ಅಜ್ಜಿಯರು ಕೈಗುಣವೆಂದು ಕರೆದ ವಸ್ತುವನ್ನು ತಾತ್ಸಾರ ಮಾಡಲಾಗದೆಂಬಷ್ಟು ಇದರಿಂದ ತಿಳಿಯುತ್ತದೆ.

ಪರಿಚಯವೆಂಬುದು ವೈದ್ಯರೊಬ್ಬರೇ ಬೆಳೆಸುವ ಗಿಡವಲ್ಲ; ನೀರೆರೆಯುವ ಕೆಲಸವು ಮನೆಯವರದೂ ಹೌದು. ಒಂದು ದಿನದ ಜ್ವರಕ್ಕೆ ಒಬ್ಬರು, ಮರುದಿನದ ಕೆಮ್ಮಿಗೆ ಮತ್ತೊಬ್ಬರು ಎಂದು ಅಲೆಯುವ ಸಂಸಾರವನ್ನು ಯಾವ ವೈದ್ಯರು ತಾನೆ ಅರಿತಾರು? ಮನೆಗೊಂದು ಚಿಕ್ಕ ಪುಸ್ತಕವಿರಲಿ. ಯಾರಿಗೆ ಯಾವ ತಾರೀಖಿನಂದು ಏನಾಯಿತು, ಯಾವ ಔಷಧವು ಒಗ್ಗಲಿಲ್ಲ, ಮಗುವಿಗೆ ಯಾವ ಲಸಿಕೆಯಾಯಿತು ಎಂಬುದನ್ನು ಗೃಹಿಣಿಯಾಗಲಿ ಯಜಮಾನರಾಗಲಿ ಅದರಲ್ಲಿ ಗುರುತುಹಾಕಲಿ. ವೈದ್ಯರು ಕೇಳಿದಾಗ, ರೋಗವು ಎಂದು ಮೊದಲಾಯಿತು, ಅದಕ್ಕೆ ಮುಂಚೆ ಯಾರ ಮನೆಗೆ ಹೋಗಿದ್ದೆವು ಎಂಬುದನ್ನು ಸಂಕೋಚವಿಲ್ಲದೆ ಹೇಳೋಣ. ಕಾಮಾಲೆಯು ಮೈ ಹಳದಿಯಾಗುವುದಕ್ಕೆ ಮೊದಲಿನ ವಾರಗಳಲ್ಲಿಯೇ ಹೆಚ್ಚಾಗಿ ಅಂಟುವುದೆಂದು ಈಗ ಗೊತ್ತಾಗಿರುವುದರಿಂದ, ಕಾಯಿಸಿದ ನೀರು, ಊಟಕ್ಕೆ ಮುಂಚೆಯೂ ಶೌಚದ ತರುವಾಯವೂ ಸಾಬೂನಿನಿಂದ ಕೈತೊಳೆಯುವ ಪದ್ಧತಿ ಸದಾಕಾಲವೂ ನಡೆದಿರಲಿ. ಮೈಯಲ್ಲಿ ಸರಿಯಿಲ್ಲದ ಮಗುವನ್ನು ಮದುವೆಯ ಮನೆಗೋ ಜಾತ್ರೆಗೋ ಕರೆದೊಯ್ಯುವ ಮೊದಲು ಆ ಕಣಿವೆಯ ಹುಡುಗಿಯನ್ನು ಒಮ್ಮೆ ನೆನೆಯೋಣ. ಈ ವರುಷ ತಪ್ಪಿದ ಜಾತ್ರೆಯು ಬರುವ ವರುಷ ಮತ್ತೆ ಬರುವುದು.