ಮನುಷ್ಯನನ್ನು ದೇವರು ಮಾಡಬಹುದೇ?



ಜಪಾನ್ ದೇಶದ ಯೊನೆಜಾವಾ ಊರಿನಲ್ಲಿ ಮತ್ಸುಗಸಾಕಿ ಎಂಬ ಶಿಂಟೋ ಗುಡಿ ಇದೆ. ಅಲ್ಲಿ ಉಎಸುಗಿ ಯೋಜಾನ್ ಎಂಬ ಪಾಳೆಯಗಾರನಿಗೆ ಪೂಜೆ ಆಗುತ್ತದೆ. ಅವನು 1751ರಲ್ಲಿ ಹುಟ್ಟಿ 1822ರಲ್ಲಿ ಸತ್ತ ಮನುಷ್ಯ. ಮನುಷ್ಯನನ್ನು ದೇವರು ಮಾಡೋದು ಸರಿಯಾ? ನನಗೆ ಅನಿಸಿದ್ದನ್ನು ಬರೆಯುತ್ತೇನೆ.

ಯೋಜಾನ್ ಬೇರೆ ಮನೆತನದಿಂದ ದತ್ತು ಬಂದ ಹುಡುಗ. 1767ರಲ್ಲಿ ಪಟ್ಟಕ್ಕೆ ಬಂದಾಗ ನಮಗಿಂತ ಎರಡು ಮೂರು ವರ್ಷ ದೊಡ್ಡವನು, ಅಷ್ಟೇ. ಆ ಸಂಸ್ಥಾನ ಸಾಲದಲ್ಲಿ ಮುಳುಗಿತ್ತು. ಅವನು ಖರ್ಚು ಕಡಿಮೆ ಮಾಡುವುದನ್ನು ತನ್ನ ಮನೆಯಿಂದಲೇ ಶುರು ಮಾಡಿದ. ಊಟಕ್ಕೆ ಒಂದು ಸಾರು, ಒಂದು ಪಲ್ಯ. ಉಡಲು ಹತ್ತಿ ಬಟ್ಟೆ. ಅರಮನೆಯ 50 ದಾಸಿಯರಲ್ಲಿ 9 ಜನರನ್ನು ಮಾತ್ರ ಇಟ್ಟುಕೊಂಡ.

ಒಂದು ಸಾರು, ಒಂದು ಪಲ್ಯ ಅಂದರೆ ಏನು ಮಹಾ, ನಮ್ಮ ಮನೇಲಿ ದಿನಾ ಅಷ್ಟೇ ಅಂತ ನೀವು ನಗಬಹುದು. ನಾನೂ ನಕ್ಕೆ. ಆದರೆ ಇಲ್ಲದೆ ಬಿಡೋದು ಬೇರೆ, ಇದ್ದೂ ಬಿಡೋದು ಬೇರೆ.

ಅವನು 1776ರಲ್ಲಿ ಶಾಲೆ ತೆರೆದ. 1783ರ ಸುಮಾರಿಗೆ ಉತ್ತರ ಜಪಾನಿನಲ್ಲಿ ಭಾರಿ ಬರ ಬಂದು ತುಂಬಾ ಜನ ಸತ್ತಾಗ, ಹೊರಗಿನಿಂದ ಅಕ್ಕಿ ತರಿಸಿ ಜನರಿಗೆ ಹಂಚಿದ. 1785ರಲ್ಲಿ ಪಟ್ಟ ಬಿಡುವಾಗ, ದೊರೆ ಇರುವುದು ಪ್ರಜೆಗಳಿಗಾಗಿ ಎಂದು ಮುಂದಿನವನಿಗೆ ಬರೆದುಕೊಟ್ಟ. ಸಾಲ ಪೂರ್ತಿ ತೀರಿದ್ದು ಅವನು ಸತ್ತ ಮರುವರ್ಷ, 1823ರಲ್ಲಿ. ಅದನ್ನು ನೋಡಲು ಅವನೇ ಇರಲಿಲ್ಲ.

ಆದರೆ ಇನ್ನೊಂದು ಮಾತಿದೆ. 1773ರಲ್ಲಿ ಏಳು ಜನ ಹಿರಿಯ ಅಧಿಕಾರಿಗಳು ಅವನ ಸುಧಾರಣೆ ಬೇಡವೆಂದು ಎದುರು ನಿಂತರು. ಅವರಲ್ಲಿ ಇಬ್ಬರಿಗೆ, ತಾವೇ ಹೊಟ್ಟೆ ಸೀಳಿಕೊಂಡು ಸಾಯಬೇಕೆಂದು ಶಿಕ್ಷೆ ಕೊಟ್ಟ. ಆ ಕಾಲದ ಪದ್ಧತಿ ಅದು. ಆದರೂ ನನಗೆ ಇದು ಹಿಡಿಸಲಿಲ್ಲ. ಬೇಡ ಅಂದವರನ್ನು ಸಾಯಿಸಬಾರದಿತ್ತು.

ಅವನನ್ನು ದೇವರು ಅಂದುಬಿಟ್ಟರೆ ಈ ಮಾತನ್ನು ಮುಚ್ಚಿಡಬೇಕಾಗುತ್ತೆ. ಇನ್ನೊಂದು ತೊಂದರೆಯೂ ಇದೆ. ದೇವರು ಮಾಡಿದ್ದು ನಮ್ಮ ಕೈಲಿ ಎಲ್ಲಾಗುತ್ತೆ ಅಂತ ಕೈಮುಗಿದು ಸುಮ್ಮನಾಗಿಬಿಡ್ತೀವಿ. ಮನುಷ್ಯ ಅಂದರೆ ಹಾಗಲ್ಲ. ತಪ್ಪು ಮಾಡಿದಾಗ ತಪ್ಪು ಅನ್ನಬಹುದು, ಒಳ್ಳೇದನ್ನು ನಾವೂ ಮಾಡಬಹುದು.

ಗುಡಿ ಇರಲಿ. ಅಲ್ಲಿಯ ಜನ ಉಪಕಾರ ನೆನೆದು ಕಟ್ಟಿದ್ದಾರೆ, ಅದು ಒಳ್ಳೆಯದೇ. ಆದರೆ ನಾನು ಅವನನ್ನು ಮನುಷ್ಯ ಅಂತಲೇ ಕರೀತೀನಿ. ಇನ್ನೊಬ್ಬರಿಗೆ ಕಡಿಮೆ ಮಾಡು ಅನ್ನುವ ಮೊದಲು ತನ್ನ ತಟ್ಟೆಯಲ್ಲಿ ಕಡಿಮೆ ಮಾಡಿಕೊಳ್ಳಲು ಯಾರೂ ದೇವರಾಗಬೇಕಿಲ್ಲ.

ನೀವೇನಂತೀರಿ? ಒಪ್ಪದಿದ್ದರೆ ಮುಂದಿನ ಸಂಚಿಕೆಗೆ ಬರೆಯಿರಿ.