ಕೋಚ್ ಯಾರಾಗಬೇಕು?



ನಮ್ಮ ವಿಜಯಪುರ ಸೀಮೆಯ ಕಾಲೇಜೊಂದರ ಕಬಡ್ಡಿ ತಂಡ ಮೂರು ವರ್ಷಗಳಿಂದ ಮೊದಲ ಸುತ್ತಿನಲ್ಲಿಯೇ ಸೋತು ಮರಳುತ್ತಿದೆ. ಹೊಸ ಕೋಚ್ ಯಾರಾಗಬೇಕೆಂಬ ಚರ್ಚೆ ಈಗ ಬಿಸಿಯೇರಿದೆ. ಅಲ್ಲಿನ ಆಡಳಿತ ಮಂಡಳಿಯಲ್ಲಿ ನನ್ನ ಹಳೆಯ ವಿದ್ಯಾರ್ಥಿಗಳಿಬ್ಬರಿದ್ದಾರೆ. ಹೆಸರು ಹೇಳಲಾರೆ, ಓದಿದರೆ ಅವರಿಗೇ ತಿಳಿದೀತು.

ಮಂಡಳಿಯಲ್ಲಿ ಎರಡು ಪಕ್ಷಗಳಿವೆ. ಹೊರಗಿನ ಹೆಸರಾಂತ ಮಾಜಿ ಆಟಗಾರನನ್ನು ಪಂದ್ಯಾವಳಿಗೆ ಒಂದು ತಿಂಗಳು ಮುಂಚೆ ಕರೆತರೋಣ ಎಂಬುದು ಒಂದು ಪಕ್ಷ. ತಿಕೋಟಾ ಕಡೆಯ ಹಳ್ಳಿಯಲ್ಲಿ ಹತ್ತಾರು ವರ್ಷಗಳಿಂದ ಹುಡುಗರಿಗೆ ಆಟ ಕಲಿಸುತ್ತಿರುವ, ಹೆಸರಿಲ್ಲದ ಒಬ್ಬನಿಗೆ ಹೊಣೆ ಕೊಡೋಣ ಎಂಬುದು ಇನ್ನೊಂದು. ನಾನು ಎರಡನೆಯ ಪಕ್ಷದವನು.

ಆಡಬಲ್ಲವರೆಲ್ಲ ಆಡಿಸಬಲ್ಲರೆಂಬುದು ಭ್ರಮೆ. ಗಣಿತದಲ್ಲಿ ಬಂಗಾರದ ಪದಕ ಪಡೆದವರೆಲ್ಲ ಐದನೆಯ ಇಯತ್ತೆಯ ಮಗುವಿಗೆ ಭಾಗಾಕಾರ ತಿಳಿಸಬಲ್ಲರೇ? ಒಂದು ತಿಂಗಳ ತರಬೇತಿಯಂತೂ ಯುದ್ಧಕಾಲದ ಶಸ್ತ್ರಾಭ್ಯಾಸವೇ ಸರಿ.

"ಬೆಂಗಳೂರು ಬುಲ್ಸ್ ತಂಡದವರೂ ಹೆಸರಾಂತರನ್ನೇ ತಂದರಲ್ಲ ಸರ್?" ಎಂದು ಮೊದಲ ಪಕ್ಷದವರು ಕೇಳುತ್ತಾರೆ. ಒಳ್ಳೆಯ ಪ್ರಶ್ನೆ. 2024ರ ಅಕ್ಟೋಬರಿನಲ್ಲಿ ಆರಂಭವಾದ ಪ್ರೊ ಕಬಡ್ಡಿಯ 11ನೆಯ ಆವೃತ್ತಿಯಲ್ಲಿ ಆ ತಂಡ 22 ಪಂದ್ಯಗಳ ಪೈಕಿ ಎರಡನ್ನೇ ಗೆದ್ದು ತಳ ಸೇರಿತು. 2025ರಲ್ಲಿ ಕನ್ನಡಿಗ ಬಿ.ಸಿ. ರಮೇಶ ಅವರು ಕೋಚ್ ಆದರು. ತಂಡ ಪ್ಲೇ-ಆಫ್ ತಲುಪಿತು. ರಮೇಶ ಅವರು ಅರ್ಜುನ ಪ್ರಶಸ್ತಿ ಪಡೆದ ಆಟಗಾರರು, ನಿಜ. ಆದರೆ ಕೋಚ್ ಆಗಿ ಅವರ ಯೋಗ್ಯತೆ ತಿಳಿದದ್ದು ಆ ಪ್ರಶಸ್ತಿಯಿಂದಲ್ಲ. 2019ರಲ್ಲಿ ಬೆಂಗಾಲ್ ವಾರಿಯರ್ಸ್, 2024ರ ಮಾರ್ಚಿನಲ್ಲಿ ಪುಣೇರಿ ಪಲ್ಟನ್ ಅವರ ಕೈಕೆಳಗೆ ಚಾಂಪಿಯನ್ ಆಗಿದ್ದವು. ಪುಣೆಯ ನಾಯಕ ಅಸ್ಲಂ ಇನಾಮದಾರ ಆ ತಂಡದ್ದೇ ಯುವ ಪಲ್ಟನ್ ಅಂಗಳದಲ್ಲಿ ಬೆಳೆದ ಹುಡುಗ. ಆದ್ದರಿಂದ ಅಭ್ಯರ್ಥಿಯನ್ನು "ನೀನು ಏನು ಆಡಿದೆ?" ಎಂದು ಕೇಳಬೇಡಿ, "ಯಾರನ್ನು ಬೆಳೆಸಿದೆ?" ಎಂದು ಕೇಳಿರಿ. ಆ ಪ್ರಶ್ನೆಗೆ ನಮ್ಮ ಹಳ್ಳಿಯವನ ಬಳಿ ಉತ್ತರವಿದೆ.

"ಅವನ ಹತ್ತಿರ ಸರ್ಟಿಫಿಕೇಟ್ ಇಲ್ಲ" ಎಂಬುದು ಎರಡನೆಯ ಆಕ್ಷೇಪ. ದೈಹಿಕ ಶಿಕ್ಷಣ ನಿರ್ದೇಶಕರ ಹುದ್ದೆಗೆ ಯುಜಿಸಿಯ ನಿಯಮಗಳಿವೆ. ಸ್ನಾತಕೋತ್ತರ ಪದವಿ, ನೆಟ್ ಅಥವಾ ಪಿಎಚ್.ಡಿ. ಬೇಕು. ಅದನ್ನು ಯಾರೂ ಮೀರಬೇಕಿಲ್ಲ. ನಿರ್ದೇಶಕರ ಕೈಕೆಳಗೆ ಗೌರವಧನದ ಮೇಲೆ ಕೋಚ್ ಒಬ್ಬನನ್ನು ಇಟ್ಟುಕೊಳ್ಳುವುದು ಬೇರೆಯೇ ಮಾತು. ಇನ್ನು ಕ್ರಮಬದ್ಧ ಶಿಕ್ಷಣ ಬೇಕೆಂದರೆ, ಕೋಚ್‌ಗಳನ್ನು ತಯಾರಿಸಲೆಂದೇ ಪಟಿಯಾಲದಲ್ಲಿ 1961ರಿಂದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯಿದೆ. ಮಾಜಿ ಆಟಗಾರನ ಒಂದು ತಿಂಗಳಿಗೆ ತೆಗೆದಿರಿಸಿದ ಹಣದಲ್ಲಿ ನಮ್ಮವನ ಕಲಿಕೆಗೂ ಒಂದಿಷ್ಟು ಪಾಲು ಎತ್ತಿಡಿರಿ.

ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯನ್ನು ನಾವು ಬಹಳ ನಿಷ್ಠೆಯಿಂದ ಪಾಲಿಸಿದ್ದೇವೆ. 2017ರ ವಿಶ್ವಕಪ್‌ನಲ್ಲಿ ನ್ಯೂಜಿಲೆಂಡ್ ವಿರುದ್ಧ 15 ರನ್ನಿಗೆ ಐದು ವಿಕೆಟ್ ಕಿತ್ತ ರಾಜೇಶ್ವರಿ ಗಾಯಕವಾಡ ನಮ್ಮ ವಿಜಯಪುರದವರೇ. ಈ ಮಣ್ಣಿನಲ್ಲಿ ಸತ್ವವಿಲ್ಲವೆಂದು ಯಾರು ಹೇಳಿಯಾರು?

ಮಂಡಳಿಯಲ್ಲಿರುವ ನನ್ನ ವಿದ್ಯಾರ್ಥಿಗಳಿಬ್ಬರಿಗೂ ಇಷ್ಟೇ ಹೇಳುತ್ತೇನೆ: ಆ ಮನುಷ್ಯನಿಗೆ ಮೂರು ವರ್ಷ ಕೊಡಿರಿ. ವರ್ಷದ ಹನ್ನೆರಡು ತಿಂಗಳೂ ಗೌರವಧನ ಸಲ್ಲಲಿ; ರಜೆಯಲ್ಲಿ ಅವನ ಒಲೆಯೂ ಉರಿಯಬೇಕಷ್ಟೆ. ಮೊದಲ ವರ್ಷ ಕಪ್ ಕೇಳಬೇಡಿರಿ. ಮೈದಾನಕ್ಕೆ ದಿನವೂ ಎಷ್ಟು ಹುಡುಗರು ಬಂದರು ಎಂಬ ಲೆಕ್ಕ ಕೇಳಿರಿ.